ಬಡಿಸಿದ ಕೈಗೆ ಮುಪ್ಪಿನಲ್ಲಿ ಯಾವ ಊಟ?

ಒಂದು ಹೊತ್ತು ಉಂಡವನು ಯೋಗಿ, ಎರಡು ಹೊತ್ತು ಉಂಡವನು ಭೋಗಿ, ಮೂರು ಹೊತ್ತು ಉಂಡವನು ರೋಗಿ ಎಂಬ ಗಾದೆಯನ್ನು ಕೇಳದ ಕನ್ನಡಿಗನಿಲ್ಲ. ಗಾದೆಯು ವೇದಕ್ಕೆ ಸಮಾನವೆಂದು ಬಗೆಯುವ ನಾವು, ಅದನ್ನು ಯಾರಿಗೆ ಹೇಳಿದ್ದೆಂದು ವಿಚಾರಿಸುವ ಗೋಜಿಗೆ ಹೋಗುವುದಿಲ್ಲ. ಹೊಟ್ಟೆ ಬಿರಿಯ ಉಣ್ಣಬಲ್ಲ ಪ್ರಾಯದವನಿಗೆ ಆಡಿದ ಮಾತನ್ನು ಎಪ್ಪತ್ತರ ವೃದ್ಧನು ತನಗೇ ಆಡಿದ್ದೆಂದು ತಿಳಿದು ನಡೆದರೆ ಏನಾಗುವುದೆಂಬುದನ್ನು ಕಳೆದ ಮಳೆಗಾಲದಲ್ಲಿ ನಾನು ಕಣ್ಣಾರೆ ಕಂಡೆನು. ಆ ಸಂಗತಿಯನ್ನು ವಾಚಕ ಬಂಧುಗಳ ಮುಂದಿಡುವುದೇ ಈ ಲೇಖನದ ಉದ್ದೇಶ.

ಪತ್ರಿಕೆಯ ಕೆಲಸಕ್ಕೆ ಬರುವ ಮೊದಲು ನಾನು ಲಕ್ಷ್ಮೀ ರಸ್ತೆಯ ಹಿಂದಿನ ಓಣಿಯೊಂದರಲ್ಲಿ ಸಣ್ಣ ಹೊಟೇಲು ನಡೆಸುತ್ತಿದ್ದುದು ಹಲವರಿಗೆ ತಿಳಿದಿದೆ. ಅಲ್ಲಿ ಹದಿನೇಳು ವರ್ಷ ಅಡಿಗೆ ಮಾಡಿದ ಭಟ್ಟರೊಬ್ಬರಿದ್ದರು. ಅವರ ಹೆಸರು ಇಲ್ಲಿ ಬೇಡ. ಕುಂದಾಪುರದ ಕಡೆಯಿಂದ ಬಾಲ್ಯದಲ್ಲಿಯೇ ಬಂದು, ಪಾತ್ರೆ ತೊಳೆಯುವುದರಿಂದ ಆರಂಭಿಸಿ ಅಡಿಗೆಮನೆಯ ಯಜಮಾನಿಕೆಯವರೆಗೆ ಏರಿದವರು ಅವರು. ಅವರ ಕೈಯ ಸಾಂಬಾರಿಗಾಗಿ ನದಿಯ ಆಚೆಯ ದಂಡೆಯಿಂದ ಗಿರಾಕಿಗಳು ಬರುತ್ತಿದ್ದರು. ಕೆಲಸ ಬಿಟ್ಟ ಮೇಲೆ ಊರಿಗೆ ಹೋಗಲಿಲ್ಲ. ಪತ್ನಿ ತೀರಿಕೊಂಡಿದ್ದರು, ಮಗ ದೂರದೂರಿನಲ್ಲಿದ್ದನು. ಹಳೆಯ ವಾಡೆಯೊಂದರ ಎರಡನೆಯ ಮಾಳಿಗೆಯ ಕೋಣೆಯಲ್ಲಿ ಒಬ್ಬರೇ ಇದ್ದರು.

ಜೂನ್ ತಿಂಗಳಲ್ಲಿ ದಾರಿಯಲ್ಲಿ ಸಿಕ್ಕಾಗ ಅವರ ಅಂಗಿಯು ಹೆಗಲಿನಿಂದ ಜೋತು ಬಿದ್ದಿತ್ತು. “ಊಟವಾಯಿತೇ ಭಟ್ಟರೇ?” ಎಂದು ರೂಢಿಯಂತೆ ಕೇಳಿದೆನು.

“ಆಯಿತು ಧಣಿಗಳೇ. ಬೆಳಿಗ್ಗೆ ಎರಡು ಚಹಾ, ಒಂದು ಬನ್ನು. ಮಧ್ಯಾಹ್ನ ಒಂದು ಮುಷ್ಟಿ ಅನ್ನ, ತಿಳಿಸಾರು. ರಾತ್ರಿ ಏನೂ ಬೇಡವೆನಿಸುತ್ತದೆ. ಅಮೃತತುಲ್ಯದ ಚಹಾದಲ್ಲಿ ಎರಡು ಖಾರಿ ಅದ್ದಿಕೊಂಡರೆ ಮುಗಿಯಿತು. ಕೂತು ತಿನ್ನುವ ಮುದುಕನಿಗೆ ಎಷ್ಟು ಬೇಕು ಹೇಳಿ?” ಎಂದು ನಕ್ಕು, ಮೇಲಿನ ಗಾದೆಯನ್ನೇ ನನಗೆ ಒಪ್ಪಿಸಿದರು. ನಾನೂ ನಕ್ಕು ಮುಂದೆ ನಡೆದೆನು. ಆ ನಗುವಿಗಾಗಿ ಈಗಲೂ ನಾಚಿಕೆಪಡುತ್ತೇನೆ.

ಒಂದು ತಿಂಗಳೊಳಗೆ ಅವರು ವಾಡೆಯ ಮೆಟ್ಟಲಿನ ಮೇಲಿಂದ ಬಿದ್ದು ಮಣಿಕಟ್ಟನ್ನು ಮುರಿದುಕೊಂಡರು. ಆಸ್ಪತ್ರೆಗೆ ನಾನೇ ಕರೆದೊಯ್ದೆನು. ಕಾಲು ಜಾರಿತೇ ಎಂದು ವೈದ್ಯರು ಕೇಳಿದಾಗ, “ಕಾಲು ಇರುವುದೇ ಗೊತ್ತಾಗುವುದಿಲ್ಲ ಡಾಕ್ಟ್ರೇ, ಹತ್ತಿಯ ಮೇಲೆ ನಡೆದ ಹಾಗೆ” ಎಂದರು. ವೈದ್ಯರು ಕೈಗೆ ಕಟ್ಟು ಹಾಕಿದ್ದಲ್ಲದೆ ರಕ್ತವನ್ನೂ ಪರೀಕ್ಷಿಸಿದರು. ರಕ್ತಹೀನತೆ ಇತ್ತು, ಬಿ-12 ಎಂಬ ಜೀವಸತ್ವವು ತೀರ ಕೆಳಗಿಳಿದಿತ್ತು, ಎರಡು ವರ್ಷಗಳಲ್ಲಿ ಒಂಬತ್ತು ಕಿಲೋ ತೂಕ ಇಳಿದಿತ್ತು. “ಇದು ವಯಸ್ಸಿನ ರೋಗವಲ್ಲ, ಊಟದ ರೋಗ” ಎಂದರು ವೈದ್ಯರು. ನಾಲ್ಕು ದಶಕ ಪುಣೆಗೆ ಅನ್ನ ಬಡಿಸಿದವನಿಗೆ ಊಟದ ರೋಗ!

ಪುಣೆಯಲ್ಲಿಯೇ ಕಂಡುಬಂದ ಸತ್ಯ

ಇದು ಒಬ್ಬ ಭಟ್ಟರ ದುರ್ದೈವವೆಂದು ಯಾರೂ ತಿಳಿಯಬಾರದು. ಇದೇ ನಗರದ ಕೆ. ಇ. ಎಂ. ಆಸ್ಪತ್ರೆಯ ಡಾ. ಚಿತ್ತರಂಜನ ಯಾಜ್ಞಿಕ್ ಅವರೂ ಅವರ ಸಂಗಡಿಗರೂ 2006ರಲ್ಲಿ ಪ್ರಕಟಿಸಿದ ಸಂಶೋಧನೆಯೊಂದಿದೆ. ಹಳ್ಳಿ, ಕೊಳೆಗೇರಿ ಮತ್ತು ನಗರದ ಮಧ್ಯಮವರ್ಗ, ಹೀಗೆ ಮೂರೂ ಕಡೆಯ 441 ಮಂದಿ ನಡುವಯಸ್ಸಿನ ಗಂಡಸರನ್ನು ಅವರು ಪರೀಕ್ಷಿಸಿದರು. ಶೇಕಡಾ 67 ಮಂದಿಯಲ್ಲಿ ಬಿ-12 ಕಡಿಮೆಯಿತ್ತು. ನಗರದ ಮಧ್ಯಮವರ್ಗದಲ್ಲಿ ಈ ಪ್ರಮಾಣವು ಶೇಕಡಾ 81ರಷ್ಟಿತ್ತು! ಅವರೆಲ್ಲ ಹೊಟ್ಟೆಗಿಲ್ಲದವರಲ್ಲ, ನಮ್ಮ ಕಚೇರಿಗಳ ಕಾರಕೂನರಂತೆ ಎರಡು ಹೊತ್ತು ಉಂಡು ನೆಮ್ಮದಿಯಾಗಿದ್ದವರು.

ಬಿ-12 ಜೀವಸತ್ವವು ಕಾಯಿಪಲ್ಲೆಯಲ್ಲಿಲ್ಲ, ಕಾಳಿನಲ್ಲಿಲ್ಲ. ಹಾಲು, ಮೊಸರು, ಮೊಟ್ಟೆ, ಮೀನು, ಮಾಂಸ, ಇವುಗಳಿಂದಲೇ ಅದು ದೊರೆಯಬೇಕು. ಮೀನು ತಿನ್ನುವ ಮನೆಯವರಿಗೆ ಬಂಗುಡೆ, ಭೂತಾಯಿಗಳೇ ಸಾಕಷ್ಟನ್ನು ಕೊಡುತ್ತವೆ. ಶುದ್ಧ ಶಾಕಾಹಾರಿಗೆ ಹಾಲು-ಮೊಸರೊಂದೇ ದಾರಿ. ಆ ದಾರಿಯನ್ನು ಚಹಾದೊಳಗಿನ ನಾಲ್ಕು ಚಮಚ ಹಾಲಿಗೆ ಇಳಿಸಿದರೆ ಕೊರತೆ ತಪ್ಪದು. ಮೇಲಾಗಿ ವಯಸ್ಸಾದಂತೆ ಜಠರದಲ್ಲಿ ಆಮ್ಲವು ಕಡಿಮೆಯಾಗುವುದರಿಂದ, ತಿಂದ ಆಹಾರದಿಂದ ಈ ಜೀವಸತ್ವವನ್ನು ಹೀರಿಕೊಳ್ಳುವ ಶಕ್ತಿಯೂ ಕುಂದುತ್ತದೆ. ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ಗುಳಿಗೆಯನ್ನು ವರ್ಷಾನುಗಟ್ಟಲೆ ಸೇವಿಸುವವರಿಗೂ, ಹುಳಿತೇಗಿಗೆಂದು ಆಮ್ಲ ತಗ್ಗಿಸುವ ಗುಳಿಗೆಗಳನ್ನು ದಿನವೂ ನುಂಗುವವರಿಗೂ ಈ ಭಯ ಹೆಚ್ಚು. ಅಂಥವರು ಗುಳಿಗೆಯನ್ನು ತಾವಾಗಿ ಬಿಡಬಾರದು. ಬಿ-12 ಪರೀಕ್ಷೆ ಮಾಡಿಸಬೇಕೇ ಎಂದು ವೈದ್ಯರನ್ನು ಕೇಳಬೇಕು.

ಈ ಕೊರತೆಯು ಕಳ್ಳನಂತೆ ಬರುತ್ತದೆ. ಯಕೃತ್ತಿನಲ್ಲಿ ಕೂಡಿಟ್ಟ ಗಂಟು ಕೆಲವು ವರ್ಷಗಳವರೆಗೆ ಸಾಲುವುದರಿಂದ ಮೊದಮೊದಲು ಏನೂ ತಿಳಿಯುವುದಿಲ್ಲ. ಅನಂತರ ಆಯಾಸ, ನಾಲಿಗೆಯ ಉರಿ, ಅಂಗಾಲಿನ ಜೋಮು, ನಡಿಗೆಯ ಓಲಾಟ, ಮರೆವು ಒಂದೊಂದಾಗಿ ಕಾಣಿಸಿಕೊಳ್ಳುತ್ತವೆ. ಇವೆಲ್ಲ ಮುಪ್ಪಿನ ಲಕ್ಷಣಗಳೆಂದು ಮನೆಯವರೂ ನಂಬುತ್ತಾರೆ, ರೋಗಿಯೂ ನಂಬುತ್ತಾನೆ. ಬೇಗ ತಿಳಿದರೆ ಸೂಜಿಮದ್ದಿನಿಂದ ಗುಣವಾಗುತ್ತದೆ. ತಡವಾದರೆ ನರಗಳಿಗಾದ ಹಾನಿಯು ಶಾಶ್ವತವಾಗಿ ಉಳಿಯಬಹುದು.

ಹೊಟ್ಟೆ ಚಿಕ್ಕದಾದರೂ ಅಗತ್ಯ ಚಿಕ್ಕದಲ್ಲ

“ಮುದುಕನಿಗೆ ಎಷ್ಟು ಬೇಕು?” ಎಂಬ ಭಟ್ಟರ ಪ್ರಶ್ನೆಯಲ್ಲಿ ಅರ್ಧ ಸತ್ಯವಿದೆ. ಓಡಾಟ ಕಡಿಮೆಯಾದವನಿಗೆ ಅನ್ನ, ಎಣ್ಣೆ, ಸಕ್ಕರೆ ಕಡಿಮೆ ಸಾಕು. ಆದರೆ ಸ್ನಾಯುವನ್ನು ಕಟ್ಟುವ ಸಸಾರಜನಕ, ಅಂದರೆ ಪ್ರೋಟೀನು, ಎಲುಬಿಗೆ ಬೇಕಾದ ಸುಣ್ಣದ ಅಂಶ, ಜೀವಸತ್ವಗಳು, ನೀರು, ಇವುಗಳ ಅಗತ್ಯ ಕಡಿಮೆಯಾಗುವುದಿಲ್ಲ; ಕೆಲವು ಹೆಚ್ಚೇ ಬೇಕಾಗುತ್ತವೆ. ಆದಕಾರಣ ತುತ್ತುಗಳ ಸಂಖ್ಯೆ ಇಳಿದಂತೆ ಪ್ರತಿಯೊಂದು ತುತ್ತಿನ ಸತ್ವವು ಏರಬೇಕು. ನಮ್ಮಲ್ಲಿ ನಡೆಯುವುದು ಇದರ ವಿಪರೀತ. ಹಲ್ಲು ಹೋಯಿತೆಂದು ಕಾಳು ಬಿಟ್ಟೆವು, ಜೀರ್ಣವಾಗದೆಂದು ಬೇಳೆ ಬಿಟ್ಟೆವು, ಕಫವೆಂದು ಮೊಸರು ಬಿಟ್ಟೆವು; ಕೊನೆಗೆ ಉಳಿದದ್ದು ಬನ್ನು, ಬಿಸ್ಕೀಟು, ಚಹಾ ಮತ್ತು ತಿಳಿಸಾರಿನ ಅನ್ನ.

1918ರಲ್ಲಿ ರಾಬರ್ಟ್ ಮ್ಯಾಕ್‌ಕ್ಯಾರಿಸನ್ ಎಂಬ ವೈದ್ಯಾಧಿಕಾರಿಯು ನೀಲಗಿರಿಯ ಕೂನೂರಿನಲ್ಲಿ ಬೆರಿಬೆರಿ ರೋಗದ ವಿಚಾರಣೆಯನ್ನು ಆರಂಭಿಸಿದನು. ನುಣುಪಾಗಿ ಪಾಲಿಶ್ ಮಾಡಿದ ಅಕ್ಕಿಯನ್ನೇ ನಂಬಿದವರಿಗೆ ಬರುವ ರೋಗವದು. ಆ ಪುಟ್ಟ ಪ್ರಯೋಗಶಾಲೆಯೇ ಬೆಳೆದು, 1958ರಲ್ಲಿ ಹೈದರಾಬಾದಿಗೆ ಹೋಗಿ, 1969ರಲ್ಲಿ ರಾಷ್ಟ್ರೀಯ ಪೋಷಣ ಸಂಸ್ಥೆ ಎಂಬ ಹೆಸರು ಪಡೆಯಿತು. ನಮ್ಮ ಕರಾವಳಿಯ ಕುಚ್ಚಲಕ್ಕಿಯನ್ನು ಭತ್ತವಿರುವಾಗಲೇ ಬೇಯಿಸುವುದರಿಂದ ತೌಡಿನ ಜೀವಸತ್ವವು ಅಕ್ಕಿಯ ಒಳಗೆ ಇಳಿದು ಉಳಿಯುತ್ತದೆಂಬುದು ಈಗ ಎಲ್ಲರೂ ಬಲ್ಲ ಮಾತು. ಅಜ್ಜಿಯ ಗಂಜಿಯನ್ನು ಬಡವರ ಊಟವೆಂದು ಬಿಟ್ಟು ಬೆಳ್ಳನೆಯ ಬನ್ನನ್ನು ಹಿಡಿದ ನಾವು ಜಾಣರೇ?

ಅದೇ ಸಂಸ್ಥೆಯು 2020ರಲ್ಲಿ ನಿಗದಿಪಡಿಸಿದಂತೆ, ದೇಹದ ತೂಕದ ಪ್ರತಿ ಕಿಲೋಗೆ ದಿನಕ್ಕೆ 0.83 ಗ್ರಾಂ ಪ್ರೋಟೀನು ಬೇಕು. ಯುರೋಪಿನ ವೃದ್ಧವೈದ್ಯ ಸಂಘವು ಇತರ ಸಂಸ್ಥೆಗಳೊಡನೆ ನೇಮಿಸಿದ ತಜ್ಞಮಂಡಲಿಯು 2013ರಲ್ಲಿ, 65 ದಾಟಿದವರಿಗೆ ಕಿಲೋಗೆ 1ರಿಂದ 1.2 ಗ್ರಾಂ ಬೇಕೆಂದು ಹೇಳಿತು. ಮುಪ್ಪಿನಲ್ಲಿ ಸ್ನಾಯುಗಳು ತಾವಾಗಿ ಕರಗುತ್ತಿರುವುದೇ ಇದಕ್ಕೆ ಕಾರಣ. 55 ಕಿಲೋ ತೂಕದವನಿಗೆ ಇದು ಕನಿಷ್ಠ 46 ಗ್ರಾಂ. 55 ಗ್ರಾಂ ಆದರೆ ಉತ್ತಮ. ಭಟ್ಟರ ಬನ್ನು, ಮುಷ್ಟಿ ಅನ್ನ, ಸಾರು, ಚಹಾದ ಹಾಲು, ಖಾರಿ, ಎಲ್ಲವನ್ನೂ ಗಲ್ಲೆಯ ಲೆಕ್ಕದಂತೆ ಕೂಡಿಸಿ ನೋಡಿದೆನು. 20 ಗ್ರಾಮನ್ನು ದಾಟಲಿಲ್ಲ. ಜಮೆಗಿಂತ ಖರ್ಚು ಹೆಚ್ಚಾದ ಅಂಗಡಿಯು ಎಷ್ಟು ದಿನ ನಡೆದೀತು?

ದೇಶದ ಸ್ಥಿತಿಯೂ ಇದೇ. 2017-18ರಲ್ಲಿ ನಡೆದ ರಾಷ್ಟ್ರೀಯ ವೃದ್ಧಾಪ್ಯ ಸಮೀಕ್ಷೆಯಲ್ಲಿ, 60 ದಾಟಿದವರ ಪೈಕಿ ನಾಲ್ವರಲ್ಲಿ ಒಬ್ಬರಿಗಿಂತ ಹೆಚ್ಚು ಮಂದಿ ಕಡಿಮೆ ತೂಕದವರಾಗಿದ್ದರು. ಐವರಲ್ಲಿ ಒಬ್ಬರಿಗಿಂತ ಹೆಚ್ಚು ಮಂದಿ ಅತಿ ತೂಕದವರಾಗಿದ್ದರು. ಕಾರಕೂನ ಬಂಧುಗಳು ಎರಡನೆಯ ಸಾಲಿಗೆ ಸೇರುವುದೇ ಹೆಚ್ಚು. ತೂಕ ಸರಿಯಾಗಿದೆಯೆಂದು ಮೈಮರೆಯಲೂ ಆಗದು. ಡಾ. ಯಾಜ್ಞಿಕರು 2004ರಲ್ಲಿ ಇಂಗ್ಲೆಂಡಿನ ಡಾ. ಯಡ್ಕಿನ್ ಎಂಬ ಮಿತ್ರರೊಡನೆ ತಮ್ಮದೇ ದೇಹವನ್ನು ಹೋಲಿಸಿ ಜಗತ್ತಿಗೆ ತೋರಿಸಿದರು. ಎತ್ತರಕ್ಕೆ ತಕ್ಕ ತೂಕದ ಲೆಕ್ಕದಲ್ಲಿ ಇಬ್ಬರೂ ಸಮಾನರು. ಆದರೆ ಮೈಯೊಳಗಿನ ಕೊಬ್ಬು ಆಂಗ್ಲರಲ್ಲಿ ಶೇಕಡಾ 9.1, ನಮ್ಮವರಲ್ಲಿ ಶೇಕಡಾ 21.2! ತೆಳ್ಳಗೆ ಕಾಣುವ ಭಾರತೀಯನೊಳಗೆ ಕೊಬ್ಬು ಅಡಗಿರುತ್ತದೆ. ಸಕ್ಕರೆ ಕಾಯಿಲೆ ಅಲ್ಲಿಯೇ ಬೇರೂರುತ್ತದೆ.

ಹೊಟೇಲಿನವನ ತಪ್ಪೊಪ್ಪಿಗೆ

ಮುಪ್ಪಿನ ಊಟ ಕೆಡುವುದು ಮುಪ್ಪಿನಲ್ಲಲ್ಲ, ಪ್ರಾಯದಲ್ಲಿ. ಬೆಳಿಗ್ಗೆ ಐದಕ್ಕೆ ಒಲೆ ಹೊತ್ತಿಸಿದ ನಮ್ಮ ಹುಡುಗರು ಹತ್ತರವರೆಗೆ ಚಹಾದ ಮೇಲೆಯೇ ಇರುತ್ತಾರೆ. ಗಿರಾಕಿಗಳ ಊಟ ಮುಗಿದು ಮೂರು ಗಂಟೆಗೆ ಅವರು ಎಲೆಗೆ ಕೂಡುವಾಗ ಪಲ್ಯ ಮುಗಿದಿರುತ್ತದೆ, ಸಾಂಬಾರಿನ ಬೇಳೆ ಮೇಲಿನವರಿಗೆ ಹೋಗಿ ತಳದಲ್ಲಿ ನೀರು ಉಳಿದಿರುತ್ತದೆ. ರಾತ್ರಿ ಹನ್ನೊಂದರ ಊಟವೂ ಹಾಗೆಯೇ. ಸೂರ್ಯೋದಯಕ್ಕೆ ಮುನ್ನ ಒಳಸೇರಿ, ದೀಪ ಹತ್ತಿದ ಮೇಲೆ ಹೊರಬರುವವರಿಗೆ ಬಿಸಿಲು ಕೊಡುವ ಡಿ ಜೀವಸತ್ವವೂ ಇಲ್ಲ.

ನನ್ನ ಹೊಟೇಲಿನಲ್ಲಿಯೂ ಇದೇ ನಡೆದಿತ್ತು. ಉದ್ದಿನ ಬೆಲೆ ಏರಿದಾಗ ಹುಡುಗರ ಇಡ್ಲಿಯ ಹಿಟ್ಟಿನಲ್ಲಿ ಉದ್ದು ಕಡಿಮೆ ಮಾಡಿಸಿದ್ದೇನೆ. ಅವರ ಪಾಲಿನ ಮಜ್ಜಿಗೆಗೆ ನೀರು ಹೆಚ್ಚಿಸಿದ್ದೇನೆ. ಅನ್ನಕ್ಕೆ ಮಿತಿಯಿರಲಿಲ್ಲವೆಂದು ಹೆಮ್ಮೆಪಟ್ಟಿದ್ದೆನು. ಆ ಹೆಮ್ಮೆಯು ಹುಸಿಯೆಂಬುದನ್ನು ಭಟ್ಟರ ರಕ್ತದ ವರದಿ ಹೇಳಿತು. ಫರ್ಗ್ಯುಸನ್ ಕಾಲೇಜು ರಸ್ತೆಯ ‘ವೈಶಾಲಿ’ಯ ಜಗನ್ನಾಥ ಶೆಟ್ಟರು 2023ರಲ್ಲಿ ತೊಂಬತ್ತು ದಾಟಿದ ವಯಸ್ಸಿನಲ್ಲಿ ತೀರಿಕೊಂಡಾಗ ಪುಣೆಯ ಜನರು ಅವರನ್ನು ತಮ್ಮವರೆಂದೇ ನೆನೆದರು. ಅದು ನಮ್ಮೆಲ್ಲರಿಗೆ ಅಭಿಮಾನದ ವಿಷಯ. ಆದರೆ ನಗರದ ನೂರಾರು ಹೊಟೇಲುಗಳಲ್ಲಿ ಬೆವರಿಳಿಸಿ ಕೆಲಸ ಬಿಟ್ಟವರು ಇಂದು ಯಾವ ಕೋಣೆಯಲ್ಲಿ ಏನು ಉಣ್ಣುತ್ತಿರುವರೆಂದು ಕೇಳಿದವರು ನಮ್ಮಲ್ಲಿ ಎಷ್ಟು ಮಂದಿ?

ಒಂದು ಒಲೆಯ ಅಡಿಗೆ

ಉಪದೇಶ ಸುಲಭ, ಅಡಿಗೆ ಕಷ್ಟ. ಒಂದೇ ಒಲೆ, ಒಂದೇ ಕುಕ್ಕರು ಇರುವ ಕೋಣೆಯಲ್ಲಿ ಸಾಧ್ಯವಾದುದನ್ನಷ್ಟೇ ಹೇಳುತ್ತೇನೆ. ಔಷಧ ಹೇಳಲು ನಾನು ವೈದ್ಯನಲ್ಲ, ಎಸ್. ಎಸ್. ಎಲ್. ಸಿ.ಯವರೆಗೆ ಓದಿದವನು, ಆದರೆ ಅಡಿಗೆಮನೆಯನ್ನು ಬಲ್ಲೆನು.

ದಿನಕ್ಕೆ ಅರ್ಧ ಲೀಟರು ಹಾಲು ಕೊಳ್ಳಿರಿ. ಅರ್ಧವನ್ನು ಹೆಪ್ಪು ಹಾಕಿರಿ. ಇದರಲ್ಲಿ ಸುಮಾರು 16 ಗ್ರಾಂ ಪ್ರೋಟೀನು, 600 ಮಿಲಿಗ್ರಾಂ ಸುಣ್ಣದ ಅಂಶ, ಜೊತೆಗೆ ಬಿ-12 ದೊರೆಯುತ್ತವೆ. ಬೆಳಿಗ್ಗೆ ಬನ್ನಿನ ಬದಲು ರಾಗಿಯ ಗಂಜಿ ಕಾಯಿಸಿ ಹಾಲು ಬೆರೆಸಿರಿ. ಇಲ್ಲಿನ ಅಂಗಡಿಯಲ್ಲಿ ನಾಚಣಿ ಎಂದರೆ ಕೊಡುತ್ತಾರೆ. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಸುಣ್ಣದ ಅಂಶವಿದೆ. ಅಕ್ಕಿಯಲ್ಲಿ ಇದರ ಅಲ್ಪಭಾಗವೂ ಇಲ್ಲ. ಹಲ್ಲಿಲ್ಲದವರಿಗೂ ಇದು ಸಲೀಸು.

ಮಧ್ಯಾಹ್ನ ಅಕ್ಕಿಯ ಜೊತೆಗೆ ಒಂದು ಮುಷ್ಟಿ ತೊಗರಿಬೇಳೆ ಅಥವಾ ಹೆಸರುಬೇಳೆಯನ್ನು ಅದೇ ಕುಕ್ಕರಿನಲ್ಲಿ ಇಡಿರಿ. ಸಾರಿನ ತಿಳಿಯನ್ನಲ್ಲ, ಬೇಳೆಯನ್ನು ಉಣ್ಣಿರಿ. ರಾತ್ರಿ ಮಡಕೆಕಾಳು, ಹೆಸರುಕಾಳು ಇಲ್ಲವೆ ಹುರುಳಿಯನ್ನು ನೆನೆಸಿ ಮೊಳಕೆ ಬರಿಸಿ, ಮೆತ್ತಗೆ ಬೇಯಿಸಿ, ಲಿಂಬೆಹಣ್ಣು ಹಿಂಡಿಕೊಳ್ಳಿರಿ. ಮಂಡಈಯಲ್ಲಿ ಮೊಳಕೆ ಬಂದ ಮಟಕಿಯೇ ಸಿಗುತ್ತದೆ. ಲಿಂಬೆಯ ಹುಳಿಯಿಂದ ಕಾಳಿನ ಕಬ್ಬಿಣದ ಅಂಶವು ರಕ್ತಕ್ಕೆ ಚೆನ್ನಾಗಿ ಸೇರುತ್ತದೆ. ಊಟದ ಜೊತೆಗಿನ ಚಹಾ ಅದನ್ನು ತಡೆಯುತ್ತದೆ. ಆದಕಾರಣ ಊಟಕ್ಕೂ ಚಹಾಕ್ಕೂ ಒಂದು ಗಂಟೆಯ ಅಂತರವಿರಲಿ. ವಿಜಾಪುರ, ಬಾಗಲಕೋಟೆಯ ಕಡೆಯವರು ಜೋಳದ ರೊಟ್ಟಿಯನ್ನು ಬಿಡಬೇಕಿಲ್ಲ. ಗಟ್ಟಿಯೆನಿಸಿದರೆ ಬೇಳೆಯಲ್ಲಿ ಇಲ್ಲವೆ ಮಜ್ಜಿಗೆಯಲ್ಲಿ ನೆನೆಸಿ ಉಣ್ಣಿರಿ.

ಸಂಜೆ ಖಾರಿಯ ಬದಲು ಒಂದು ಹಿಡಿ ಹುರಿದ ಶೇಂಗಾ. ಅಗಿಯಲಾಗದವರು ಪುಡಿ ಮಾಡಿ ಗಂಜಿಗೆ ಹಾಕಿಕೊಳ್ಳಲಿ. ತಿನ್ನುವವರಿಗೆ ಒಂದು ಮೊಟ್ಟೆಯೆಂದರೆ 6 ಗ್ರಾಂ ಪ್ರೋಟೀನು. ಹೀಗೆ ಅರ್ಧ ಲೀಟರು ಹಾಲು, 75 ಗ್ರಾಂ ಬೇಳೆಕಾಳು, 200 ಗ್ರಾಂ ಧಾನ್ಯ, 30 ಗ್ರಾಂ ಶೇಂಗಾ ಕೂಡಿದರೆ ಸುಮಾರು 55 ಗ್ರಾಂ ಪ್ರೋಟೀನು ತುಂಬುತ್ತದೆ. ಒಂದೇ ಹೊತ್ತಿಗೆ ಇಷ್ಟೆಲ್ಲ ಸೇರದು. ಆದ್ದರಿಂದ ವೃದ್ಧನು ಮೂರು ಹೊತ್ತಲ್ಲ, ಸ್ವಲ್ಪ ಸ್ವಲ್ಪವಾಗಿ ನಾಲ್ಕೈದು ಹೊತ್ತು ಉಣ್ಣಲಿ. ಅವನನ್ನು ರೋಗಿಯೆಂದು ಯಾವ ಗಾದೆಯೂ ಹಳಿಯದಿರಲಿ! ಮೂತ್ರಪಿಂಡದ ತೊಂದರೆಯುಳ್ಳವರು ಮಾತ್ರ ಪ್ರೋಟೀನಿನ ಪ್ರಮಾಣವನ್ನು ವೈದ್ಯರನ್ನು ಕೇಳಿಯೇ ನಿರ್ಧರಿಸಬೇಕು.

ಇನ್ನು ಬಿಡಬೇಕಾದವು. ಹೈದರಾಬಾದಿನ ಸಂಸ್ಥೆಯ 2024ರ ಸೂಚನೆಯಂತೆ ಉಪ್ಪು ದಿನಕ್ಕೆ 5 ಗ್ರಾಂ ಮೀರಬಾರದು, ಸಕ್ಕರೆ 25-30 ಗ್ರಾಮಿನೊಳಗಿರಬೇಕು. ಎರಡು ಚಮಚ ಸಕ್ಕರೆಯ ಚಹಾವನ್ನು ದಿನಕ್ಕೆ ಆರು ಬಾರಿ ಕುಡಿದರೆ ಚಹಾದಲ್ಲಿಯೇ ಸುಮಾರು 50 ಗ್ರಾಂ ಸಕ್ಕರೆ ಹೊಟ್ಟೆಗೆ ಹೋಯಿತು! ಕಚೇರಿಯ ಚಹಾದ ಲೆಕ್ಕವನ್ನು ಕಾರಕೂನ ಬಂಧುಗಳು ಒಂದು ದಿನ ಬರೆದಿಟ್ಟು ನೋಡಲಿ. ಹಪ್ಪಳ, ಉಪ್ಪಿನಕಾಯಿಗಳು ಹಬ್ಬಕ್ಕಿರಲಿ. ವಯಸ್ಸಾದವರಿಗೆ ಬಾಯಾರಿಕೆಯೇ ತಿಳಿಯದಾಗುವುದರಿಂದ ಗಂಟೆಗೊಮ್ಮೆ ನೆನಪಿಟ್ಟು ನೀರನ್ನೋ ಮಜ್ಜಿಗೆಯನ್ನೋ ಕುಡಿಯಬೇಕು. ಹಗಲು ಹೊತ್ತು ಒಂದಿಷ್ಟು ಬಿಸಿಲಿನಲ್ಲಿ ನಡೆಯಬೇಕು. ನಡೆಯದ ಕಾಲಿಗೆ ಉಂಡ ಪ್ರೋಟೀನು ಸೇರದು. ತಿಂಗಳಿಗೊಮ್ಮೆ ತೂಕ ನೋಡಬೇಕು. ಪ್ರಯತ್ನಿಸದೆ ತೂಕ ಇಳಿಯುತ್ತಿದ್ದರೆ ಅದು ಸಂತೋಷದ ವಿಷಯವಲ್ಲ, ವೈದ್ಯರ ಬಳಿಗೆ ಹೋಗಬೇಕಾದ ವಿಷಯ.

ಮಾಲಕರಿಗೂ ಮಿತ್ರರಿಗೂ

ಮಾಲಕ ಬಂಧುಗಳಲ್ಲಿ ನನ್ನ ವಿನಂತಿ ಇಷ್ಟೇ. ಹುಡುಗರ ಎಲೆಗೆ ದಿನಕ್ಕೊಂದು ಬಟ್ಟಲು ಗಟ್ಟಿ ಬೇಳೆ, ಒಂದು ಬಟ್ಟಲು ಮೊಸರು ಗಿರಾಕಿಗಳಿಗಿಂತ ಮೊದಲೇ ಎತ್ತಿಡಿರಿ. ಇದಕ್ಕೆ ತಗಲುವ ವೆಚ್ಚವು ವ್ಯರ್ಥವಾಗಿ ಚೆಲ್ಲುವ ಚಟ್ನಿಯ ವೆಚ್ಚಕ್ಕಿಂತ ಹೆಚ್ಚಾಗದು. ನಿಮ್ಮಲ್ಲಿ ದುಡಿದು ಕೆಲಸ ಬಿಟ್ಟ ವೃದ್ಧರು ಓಣಿಯಲ್ಲಿದ್ದರೆ ಮಧ್ಯಾಹ್ನದ ಒಂದು ಡಬ್ಬಿ ಕಳುಹಿಸಿರಿ. ದಾನವೆಂದಲ್ಲ, ಅವರು ಕೂಡಿಟ್ಟು ಹೋದ ಗಂಟಿನ ಬಡ್ಡಿಯೆಂದು ತಿಳಿಯಿರಿ. ಕೆಲಸಗಾರ ಮಿತ್ರರಿಗೆ ಹೇಳುವುದಿಷ್ಟು: ಊರಿನಲ್ಲಿರುವ ತಂದೆ ತಾಯಿಗಳಿಗೆ ದೂರವಾಣಿ ಮಾಡಿದಾಗ “ಊಟವಾಯಿತೇ?” ಎಂದು ಕೇಳಿ ನಿಲ್ಲಿಸಬೇಡಿರಿ, “ಏನು ಊಟ ಮಾಡಿದಿರಿ?” ಎಂದು ಕೇಳಿರಿ. ನಾನು ಜೂನ್ ತಿಂಗಳಲ್ಲಿ ಕೇಳದೆ ಬಿಟ್ಟದ್ದು ಆ ಪ್ರಶ್ನೆಯನ್ನೇ. ಕೇಳದಿದ್ದರೂ ಭಟ್ಟರು ಉತ್ತರ ಹೇಳಿದ್ದರು. ನಾನು ಕಿವಿಗೆ ಹಾಕಿಕೊಳ್ಳಲಿಲ್ಲ.

ಸೂಜಿಮದ್ದು, ಹಾಲು, ಬೇಳೆಗಳಿಂದ ಭಟ್ಟರು ದೀಪಾವಳಿಯ ಹೊತ್ತಿಗೆ ಕೋಲು ಹಿಡಿದು ಮೆಟ್ಟಲು ಇಳಿಯುವಂತಾದರು. ನಾಲ್ಕು ಕಿಲೋ ತೂಕ ಮರಳಿ ಬಂದಿದೆ. ಕಾಲ್ಬೆರಳುಗಳ ಜೋಮು ಮಾತ್ರ ಪೂರ್ತಿ ಹೋಗಿಲ್ಲ. ಹೋಗುವ ಭರವಸೆಯನ್ನು ವೈದ್ಯರೂ ಕೊಡುತ್ತಿಲ್ಲ. ಕಳೆದ ವಾರ ಅವರ ಕೋಣೆಗೆ ಹೋದಾಗ ಒಲೆಯ ಮೇಲೆ ಹುರುಳಿ ಬೇಯುತ್ತಿತ್ತು. “ಧಣಿಗಳೇ, ಊಟ ಮಾಡಿಕೊಂಡೇ ಹೋಗಿ” ಎಂದರು. ಇಬ್ಬರೂ ಕೂತು ಉಂಡೆವು. ಹದಿನೇಳು ವರ್ಷದಲ್ಲಿ ನಾನೂ ಅವರೂ ಒಂದೇ ಹೊತ್ತಿಗೆ, ಒಂದೇ ಪಾತ್ರೆಯಿಂದ ಬಡಿಸಿಕೊಂಡು ಉಂಡದ್ದು ನನಗೆ ನೆನಪಿಲ್ಲ.